ಓಲಾಡುವ ಡೀಸೆಲ್ ಮುಳ್ಳು: ಕೆಪಾಸಿಟರ್, ಸರಾಸರಿ ಪೆಟ್ಟಿಗೆ, ಕೊಳವೆ ಸೆಂಡರ್

ನನ್ನ ಹಳೆಯ ಜೀಪಿಗೆ ಅಂಗಡಿಯಿಂದ ತಂದು ಕೂರಿಸಿದ ಡೀಸೆಲ್ ಗೇಜು, ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಅರ್ಧ ಟ್ಯಾಂಕ್ ತೋರಿಸಿದರೆ ಮುಂದಿನ ತಿರುವಿನಲ್ಲಿ ಕಾಲಿಗೆ ಇಳಿಯುತ್ತಿತ್ತು. ಪರಿಹಾರಗಳನ್ನು ಹೋಲಿಸುವ ಮುನ್ನ, ಗೇಜು ಮತ್ತು ಸೆಂಡರ್ (ಟ್ಯಾಂಕಿನೊಳಗಿದ್ದು ಡೀಸೆಲ್ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಎರಡೂ 240–33 ಓಮ್‌ನವೆಂದು, ಅಂದರೆ ಟ್ಯಾಂಕ್ ಖಾಲಿಯಿದ್ದಾಗ 240, ತುಂಬಿದ್ದಾಗ 33 ಓಮ್ ರೆಸಿಸ್ಟೆನ್ಸಿಗೆ ಹೊಂದುವವೆಂದು ಖಚಿತಪಡಿಸಿಕೊಂಡು, ಸೆಂಡರಿನ ತಲೆಯಿಂದ ಬ್ಯಾಟರಿಯ ಋಣ ತುದಿಗೆ ಪ್ರತ್ಯೇಕ ಅರ್ಥ್ ತಂತಿ ಎಳೆದೆ. ಹೆಡ್‌ಲೈಟ್ ಹಾಕಿದಾಗಲೆಲ್ಲ ಮುಳ್ಳು ಜಿಗಿಯುತ್ತಿದ್ದುದು ಅಷ್ಟಕ್ಕೇ ನಿಂತಿತು. ಉಳಿದದ್ದು ಡೀಸೆಲ್ ತುಳುಕುವುದರಿಂದಾದ ಓಲಾಟ ಮಾತ್ರ.

ಗ್ಯಾರೇಜಿನಲ್ಲಿ ಎಲ್ಲರೂ ಹೇಳುವುದು ಸೆಂಡರ್ ತಂತಿಗೂ ಅರ್ಥ್‌ಗೂ ನಡುವೆ, ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತ ತಗ್ಗಿಸುವ ಕೆಪಾಸಿಟರ್ ಹಾಕುವ ಉಪಾಯ. 1000 ಮೈಕ್ರೋಫ್ಯಾರಡ್‌ನದನ್ನು ಹಾಕಿದಾಗ ಏನೂ ಬದಲಾಗಲಿಲ್ಲ. ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಅರ್ಧ ಟ್ಯಾಂಕಿನಲ್ಲಿ ಕೆಪಾಸಿಟರಿಗೆ ಎದುರಾಗುವ ರೆಸಿಸ್ಟೆನ್ಸ್ ನನ್ನ ಗೇಜಿನಲ್ಲಿ ಸುಮಾರು 70 ಓಮ್ ಇರುವುದರಿಂದ ಅದು ತಡೆಹಿಡಿಯುವ ಕಾಲ ಕೇವಲ 0.07 ಸೆಕೆಂಡ್, ಆದರೆ ಡೀಸೆಲ್ ಅತ್ತಿಂದಿತ್ತ ಹೋಗಿ ಬರಲು ಸುಮಾರು ಒಂದು ಸೆಕೆಂಡ್ ಬೇಕು. 10,000 ಮೈಕ್ರೋಫ್ಯಾರಡ್‌ನಲ್ಲಿ ನಡುಕ ಕಡಿಮೆಯಾಯಿತಾದರೂ ತಿರುವಿನ ಓಲಾಟ ಹಾಗೆಯೇ ಉಳಿಯಿತು. ಅಗ್ಗವೆಂಬುದನ್ನು ಬಿಟ್ಟರೆ ಇದರ ಪರವಾಗಿ ಹೇಳಲು ನನಗೇನೂ ಇಲ್ಲ.

ಎರಡನೆಯದು ಸೆಂಡರಿಗೂ ಗೇಜಿಗೂ ನಡುವೆ ಕೂತು, 30 ಸೆಕೆಂಡಿನ ಸರಾಸರಿ ತೆಗೆದು ಮುಳ್ಳಿಗೆ ಕಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಬಯಲು ರಸ್ತೆಯಲ್ಲಿ ಮುಳ್ಳು ಅಂಟಿಸಿಟ್ಟಂತೆ ನಿಲ್ಲುತ್ತದೆ. ಆದರೆ ನಿಮಿಷಗಟ್ಟಲೆ ಏರು ಹತ್ತುವಾಗ ಡೀಸೆಲ್ ಟ್ಯಾಂಕಿನ ಹಿಂಬದಿಗೆ ಸರಿದೇ ಇರುತ್ತದೆ; ತಪ್ಪು ಅಳತೆಗಳ ಸರಾಸರಿಯೂ ತಪ್ಪೇ ಆದ್ದರಿಂದ ಪೆಟ್ಟಿಗೆ ಆ ಸುಳ್ಳನ್ನೇ ಬಹಳ ಗಾಂಭೀರ್ಯದಿಂದ ತೋರಿಸುತ್ತದೆ.

ಮೂರನೆಯದು ಟ್ಯಾಂಕಿನೊಳಗೆ ನೆಟ್ಟಗೆ ನಿಲ್ಲುವ ಕೊಳವೆ ಸೆಂಡರ್. ಕೊಳವೆಯ ಬುಡದ ಸಣ್ಣ ರಂಧ್ರದಿಂದ ಡೀಸೆಲ್ ನಿಧಾನವಾಗಿ ಒಳಬರುವುದರಿಂದ ಒಳಗೆ ತೇಲುವ ಫ್ಲೋಟ್‌ಗೆ ಹೊರಗಿನ ತುಳುಕಾಟ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತೋಳಿನ ತುದಿಯಲ್ಲಿದ್ದ ಹಳೆಯ ಫ್ಲೋಟ್ ಟ್ಯಾಂಕಿನ ಒಂದು ಬದಿಗೆ ಚಾಚಿಕೊಂಡಿತ್ತು, ಕೊಳವೆ ನಡುವೆಯೇ ನಿಂತಿದೆ. ಹೀಗಾಗಿ ಏರಿನಲ್ಲಿಯೂ ಅಳತೆ ಹೆಚ್ಚು ಕೆಡುವುದಿಲ್ಲ. ಬೆಲೆ ಹೆಚ್ಚು, ಟ್ಯಾಂಕಿನ ಆಳಕ್ಕೆ ಸರಿಯಾದ ಉದ್ದದ್ದನ್ನೇ ಹುಡುಕಬೇಕು, ಮೇಲಾಗಿ ಫ್ಲೋಟಿನ ಆಯಸ್ಕಾಂತ ಹತ್ತಿರ ಬಂದಾಗ ಒಂದೊಂದಾಗಿ ಕೆಲಸ ಮಾಡುವ ಒಳಗಿನ ರೀಡ್ ಸ್ವಿಚ್‌ಗಳಿಂದಾಗಿ ಮುಳ್ಳು ಮೆಟ್ಟಿಲಿಳಿದಂತೆ ಇಳಿಯುತ್ತದೆ: 20 ಸೆಂ.ಮೀ. ಆಳದ ನನ್ನ 40 ಲೀಟರ್ ಟ್ಯಾಂಕಿನಲ್ಲಿ ಒಂದು ಮೆಟ್ಟಿಲೆಂದರೆ ಸುಮಾರು 4 ಲೀಟರ್. ಬಯಲುಸೀಮೆಯಲ್ಲಿ ಓಡಿಸುವವನಾಗಿದ್ದರೆ ಪೆಟ್ಟಿಗೆಯನ್ನೇ ಉಳಿಸಿಕೊಳ್ಳುತ್ತಿದ್ದೆ; ಘಾಟಿ ಹತ್ತುವ ಜೀಪಿನಲ್ಲಿ ಕೊಳವೆಯನ್ನು ಉಳಿಸಿ, ಮುಳ್ಳು ಕೊನೆಯ ಮೆಟ್ಟಿಲಿಗೆ ಬರುವ ಮೊದಲೇ ಬಂಕಿಗೆ ಹೋಗುವುದನ್ನು ರೂಢಿಸಿಕೊಂಡಿದ್ದೇನೆ.