ಕೈ ತೋರಿಸಿ ತಂದ ಹತ್ತು, ಕೇಳಿ ತಂದ ಹದಿಮೂರು

ತುಮಕೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೈಂಡಿಂಗ್‌ಗೆ ಕೊಟ್ಟು ಕಾಯುವ ಕಾಲೇಜು ಹುಡುಗರು ನೋಡಿಕೊಂಡಿರಲಿ ಅಂತ ಕೌಂಟರ್ ಪಕ್ಕದಲ್ಲಿ ಮೀನಿನ ಟ್ಯಾಂಕ್ ಇಡಿಸಿದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 250 ಲೀಟರ್ ನೀರು ಹಿಡಿಯುತ್ತೆ. ಆಫ್ರಿಕನ್ ಸಿಕ್ಲಿಡ್ ಅನ್ನೋ ಬಣ್ಣಬಣ್ಣದ ಮೀನು ತರೋಣ ಅಂತ ಬೆಂಗಳೂರಿಗೆ ಹೋದೆ. ಹೋಗಿದ್ದು ಎರಡು ಅಂಗಡಿಗೆ, ನಡುವೆ ಐದು ತಿಂಗಳ ಅಂತರ. ಬೈಯೋದಕ್ಕೆ ಒಂದು ಅಂಗಡಿ, ಹೊಗಳೋದಕ್ಕೆ ಇನ್ನೊಂದು ಅಂದುಕೊಳ್ಳಿ. ಹೆಸರು ಎರಡರದ್ದೂ ಬರೆಯಲ್ಲ.

ಮೊದಲನೇದು ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಒಂದು ಟ್ಯಾಂಕಿನ ಮೇಲೆ ‘ಅಸಾರ್ಟೆಡ್ ಆಫ್ರಿಕನ್’ ಅಂತ ಚೀಟಿ. ಒಂದಕ್ಕೆ ನೂರು ರೂಪಾಯಿ, ಹತ್ತು ತಗೊಂಡರೆ ಎಂಟುನೂರು. ಎಲ್ಲವೂ ಎರಡೆರಡು ಇಂಚಿನ ಮರಿಗಳು, ಹಳದಿ, ನೀಲಿ, ಪಟ್ಟೆ, ಚುಕ್ಕೆ. “ಯಾವುದು ಬೇಕಾದ್ರೂ ತಗೊಳ್ಳಿ ಸಾರ್, ಎಲ್ಲ ಹೊಂದಿಕೊಂಡು ಹೋಗುತ್ವೆ” ಅಂದ ಹುಡುಗ. ಸಂತೆಯಲ್ಲಿ ಬದನೆಕಾಯಿ ಆರಿಸೋ ಹಾಗೆ ಗಾಜಿನ ಮೇಲೆ ಬೆರಳಿಟ್ಟು ಹತ್ತು ಆರಿಸಿದೆ. ಜೊತೆಗೆ ಎರಡು ಸಲಹೆ ಪುಕ್ಕಟೆ ಸಿಕ್ಕವು: ಆರ್‌ಓ ನೀರು ಹಾಕಿ, ಒಣಗಿಸಿದ ಕೆಂಪು ಹುಳ ಹಾಕಿ. ಪಾಲಿಸಿದೆ. ಇಪ್ಪತ್ತು ಲೀಟರಿನ ಹನ್ನೆರಡು ಕ್ಯಾನ್ ತರಿಸಿ ಟ್ಯಾಂಕ್ ತುಂಬಿಸಿದೆ. ಕ್ಯಾನ್ ಹೊತ್ತು ತಂದ ಹುಡುಗ “ಅಂಗಡೀಲಿ ಮದುವೆನಾ ಅಣ್ಣ?” ಅಂತ ಕೇಳಿದ್ದ.

ಮೂರು ತಿಂಗಳು ಸುಮಾರಾಗಿ ನಡೀತು. ಆಯುಧ ಪೂಜೆ ದಿನ ಬೆಳಗ್ಗೆ ಜೆರಾಕ್ಸ್ ಮೆಷಿನ್ನಿಗೆ ಹಾರ ಹಿಡಿದುಕೊಂಡು ಬಂದವನು ಟ್ಯಾಂಕ್ ಕಡೆ ನೋಡಿದರೆ, ಒಂದು ಮೀನು ಹೀಟರ್ ಹಿಂದೆ ಸಿಕ್ಕಿಹಾಕಿಕೊಂಡು ನಿಂತಿದೆ. ರೆಕ್ಕೆ ಹರಿದು ಬಾಚಣಿಗೆ ಹಲ್ಲಿನ ಥರ ಆಗಿತ್ತು. ಇನ್ನೆರಡು ಮೇಲಿನ ಮೂಲೆಯಲ್ಲಿ ಮೂತಿ ಮೇಲೆ ಮಾಡಿಕೊಂಡು ನಿಂತಿದ್ದವು. ಉಳಿದ ಅಷ್ಟೂ ಜಾಗಕ್ಕೆ ಒಂದೇ ಮೀನು ಯಜಮಾನ. ಅದನ್ನು ತಂದಾಗ ಹಳದಿ ಮೈಗೆ ಕಪ್ಪು ಪಟ್ಟೆ ಇತ್ತು. ಈಗ ಬಣ್ಣ ತಿರುವುಮುರುವಾಗಿ ಮೈಯೆಲ್ಲ ಕಪ್ಪು, ನಡುವೆ ತೆಳು ನೀಲಿ ಗೆರೆ. ಬೇರೆ ಮೀನೇ ಬಂದು ಸೇರಿಕೊಂಡಿದೆಯೇನೋ ಅಂತ ಎಣಿಸಿ ನೋಡಿದೆ. ಅದೇ ವಾರ ಇನ್ನೊಂದು ಹೊಟ್ಟೆ ಊದಿ ಸತ್ತಿತು. ಅಂಗಡಿಗೆ ಫೋನ್ ಮಾಡಿದರೆ “ಮಾರಿದ ಮೀನು ವಾಪಸ್ ಇಲ್ಲ ಸಾರ್, ಬೋರ್ಡ್ ಹಾಕಿದೀವಲ್ಲ.” ಹಾಕಿದ್ದರು, ನಿಜ.

ಎರಡನೇ ಅಂಗಡಿ ಶಿವಾಜಿನಗರದ ಕಡೆ ಒಂದು ಸಂದಿಯಲ್ಲಿದೆ. ಬೋರ್ಡೂ ಸರಿಯಾಗಿ ಕಾಣಲ್ಲ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ಕಾಯಬೇಕು. ಅರವತ್ತು ದಾಟಿದ ಭಾಯ್ ಒಬ್ಬರು ಸ್ಟೂಲ್ ಮೇಲೆ ಕೂತಿದ್ದರು. “ಸಿಕ್ಲಿಡ್ ಬೇಕಿತ್ತು ಭಾಯ್” ಅಂದೆ. ಮೀನು ತೋರಿಸಲಿಲ್ಲ, ಪ್ರಶ್ನೆ ಶುರು ಮಾಡಿದರು. ಟ್ಯಾಂಕ್ ಎಷ್ಟು ಅಡಿ? ಒಳಗೆ ಕಲ್ಲು ಎಷ್ಟಿದೆ? ಈಗ ಯಾವ ಮೀನಿದೆ? ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

“ಈ ಕರಿಯ ಔರಾಟಸ್ ಗಂಡು. ಮರೀಲಿ ಚಂದ, ಅದಕ್ಕೇ ಎಲ್ರೂ ತಗೋತಾರೆ. ಇದು ಕೆನ್ಯಿ, ಇದೂ ರೌಡಿ. ಈ ಚುಕ್ಕೆದು ವೀನಸ್ಟಸ್, ನಿಮ್ಮ ಗೇಣಿಗಿಂತ ಉದ್ದ ಬೆಳೀತದೆ, ಸಣ್ಣ ಮೀನು ನುಂಗ್ತದೆ. ಹೀಟರ್ ಹಿಂದೆ ಇರೋದು ಪೀಕಾಕ್, ಪಾಪದ್ದು.” ಆಮೇಲೆ ಫೋನ್ ವಾಪಸ್ ಕೊಟ್ಟು, “ಎಲ್ಲಾ ಆಫ್ರಿಕಾದ ಮಲಾವಿ ಸರೋವರದ್ದೇ ಸಾರ್. ಆದ್ರೆ ಕೆರೆ ಒಂದೇ ಅಂತ ಬೀದಿ ಒಂದೇ ಆಗ್ತದಾ?”

ಅಲ್ಲಿ ಕೂತು ತಿಳಿದುಕೊಂಡಿದ್ದರಲ್ಲಿ ಇಲ್ಲಿ ಹೇಳಲೇಬೇಕಾದ್ದು ಇಷ್ಟು. ಬಂಡೆ ಸಂದುಗಳಲ್ಲಿ ಇದ್ದುಕೊಂಡು ಹೆಚ್ಚಾಗಿ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಗುಂಪಿಗೆ ಎಂಬೂನಾ ಅನ್ನುತ್ತಾರೆ. ಮಲಾವಿ ಕಡೆಯ ಟೊಂಗಾ ಭಾಷೆಯಲ್ಲಿ ಕಲ್ಲು ಮೀನು ಅಂತ ಅರ್ಥ. ಪೀಕಾಕ್ ಹಾಗಲ್ಲ, ಮರಳಿನಲ್ಲಿ ಹುಳ ಹುಡುಕಿ ತಿನ್ನುವ ಸಾಧು. ಪಾಚಿ ತಿನ್ನುವ ಮೀನಿನ ಕರುಳು ಉದ್ದ. ಅದಕ್ಕೆ ದಿನಾ ಕೆಂಪು ಹುಳ ಹಾಕಿದರೆ ಹೊಟ್ಟೆ ಊದುವ ಕಾಯಿಲೆ ಬರಬಹುದು. ನಾನು ಹಾಕಿದ್ದು ಅದನ್ನೇ. ಭಾಯ್ ಕೊಟ್ಟಿದ್ದು ಸ್ಪಿರುಲಿನಾ ಅನ್ನೋ ಪಾಚಿಯ ಕಾಳು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ ಅಂದರು.

ನೀರಿನ ವಿಚಾರಕ್ಕೆ ಬಂದಾಗ ನನ್ನ ಹನ್ನೆರಡು ಕ್ಯಾನಿನ ಕಥೆ ಹೇಳಿದೆ. ಜೋರಾಗಿ ನಕ್ಕರು.

“ತುಮಕೂರಲ್ಲಿ ಮನೇಲಿ ಬೋರ್ ನೀರಾ?”

“ಹೂಂ.”

“ಗೀಸರ್ ಕಾಯಿಲ್ ಮೇಲೆ ಬಿಳಿ ಕಟ್ತದಾ?”

“ವರ್ಷಕ್ಕೊಂದು ಕಾಯಿಲ್ ಹೋಗುತ್ತೆ ಭಾಯ್.”

“ಮತ್ತೆ! ಮಲಾವಿ ನಿಮ್ಮ ಸಂಪಲ್ಲೇ ಇದೆ, ನೀವು ದುಡ್ಡು ಕೊಟ್ಟು ಸಪ್ಪೆ ನೀರು ತರಿಸ್ತೀರಿ.”

ಮಲಾವಿ ನೀರು ಕ್ಷಾರದ ಕಡೆಗಿರುತ್ತೆ, ಪಿಎಚ್ ಎಂಟರ ಆಸುಪಾಸು. ಬಿಳಿ ಕಟ್ಟುವ ಬೋರ್ ನೀರೂ ಸಾಮಾನ್ಯವಾಗಿ ಹಾಗೇ. ಆರ್‌ಓ ನೀರಿನಲ್ಲಿ ಲವಣಾಂಶ ತೀರಾ ಕಡಿಮೆ ಇರೋದರಿಂದ ಪಿಎಚ್ ನಿಲ್ಲೋದಿಲ್ಲ. ಆದರೆ ಕ್ಷಾರದ ನೀರಿಗೆ ಇನ್ನೊಂದು ಮುಖ ಇದೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಅದರಲ್ಲಿ ಇನ್ನೂ ವಿಷ. ಹಾಗಾಗಿ ಆ ಅಮೋನಿಯಾ ತಿಂದು ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯೋ ತನಕ, ಅಂದರೆ ನಾಲ್ಕರಿಂದ ಆರು ವಾರ, ಹೊಸ ಟ್ಯಾಂಕಿಗೆ ಮೀನು ಬಿಡಬಾರದಂತೆ. ನನ್ನದು ಹಳೇ ಟ್ಯಾಂಕಾದ್ದರಿಂದ ಆ ಕಾಯುವ ಕೆಲಸ ತಪ್ಪಿತು. ನೀರನ್ನು ಮಾತ್ರ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿದೆ.

ಅವತ್ತು ಭಾಯ್ ಒಂದೂ ಮೀನು ಮಾರಲಿಲ್ಲ. ಈ ರಿವ್ಯೂ ಬರೆಯೋದಕ್ಕೆ ಮುಖ್ಯ ಕಾರಣವೇ ಅದು. “ರೌಡಿಗಳನ್ನ ಮೊದ್ಲು ತನ್ನಿ, ನಾನು ಇಟ್ಕೋತೀನಿ. ದುಡ್ಡು ಕೊಡಲ್ಲ” ಅಂದರು. ಔರಾಟಸ್ ಹಿಡಿಯೋಕೆ ಇದ್ದಬದ್ದ ಕಲ್ಲೆಲ್ಲ ಹೊರಗೆ ತೆಗೆಯಬೇಕಾಯಿತು. ಮಗನೂ ನಾನೂ ಸೇರಿ ಒಂದೂವರೆ ಗಂಟೆ. ಪೀಕಾಕ್ ಸಮೇತ ಉಳಿದ ಎಲ್ಲವನ್ನೂ ಒಯ್ದು ಕೊಟ್ಟೆ.

ಎರಡನೇ ಸಲ ಅವರು ಕೊಟ್ಟಿದ್ದು ಎರಡೇ ಜಾತಿ. ಎಂಟು ಯೆಲ್ಲೋ ಲ್ಯಾಬ್, ಐದು ಏಸಿ. (ಏಸಿ ಅಂದಾಗ ಟ್ಯಾಂಕಿಗೂ ಏಸಿ ಹಾಕಿಸಬೇಕಾ ಅಂದುಕೊಂಡೆ. ಮೀನಿನ ಹೆಸರಂತೆ.) ಯೆಲ್ಲೋ ಲ್ಯಾಬ್ ನಾಲ್ಕು ಇಂಚಿನ ಹತ್ತಿರ ಬೆಳೆಯೋ ಹಳದಿ ಮೀನು, ಎಂಬೂನಾಗಳಲ್ಲೇ ಸಮಾಧಾನದ್ದು. ಏಸಿ ನೀಲಿ ಮೈ, ಹಳದಿ ಬಾಲ, ಅದಕ್ಕಿಂತ ಉದ್ದ, ಗುಂಪಾಗಿ ಮೇಲ್ಗಡೆ ಈಜುತ್ತೆ. ಒಂದು ಕಲ್ಲಿನ ಸಂದಿನಲ್ಲಿ, ಇನ್ನೊಂದು ಮೇಲೆ, ಬಣ್ಣವೂ ಬೇರೆ. ಹಾಗಾಗಿ ಜಗಳಕ್ಕೆ ಕಾರಣ ಕಡಿಮೆ. ಗಂಡು ಒಂದಿದ್ದರೆ ಹೆಣ್ಣು ಎರಡು ಮೂರು ಇರಬೇಕು, ಆದರೆ ಮರಿಗಳಲ್ಲಿ ಗುರುತು ಸಿಗಲ್ಲ, ಅದಕ್ಕೇ ಗುಂಪಾಗಿ ತಗೊಳ್ಳೋದು. ಎಲ್ಲವನ್ನೂ ಒಂದೇ ದಿನ ಬಿಡಿ, ಮೊದಲು ಬಂದವನು ಜಾಗ ಹಿಡಿದುಬಿಡ್ತಾನೆ ಅಂದರು. ಕಲ್ಲನ್ನು ಮರಳಿನ ಮೇಲೆ ಇಡಬೇಡಿ, ತಳದ ಗಾಜಿಗೆ ಪ್ಲಾಸ್ಟಿಕ್ ಜಾಲರಿ ಹಾಸಿ ಅದರ ಮೇಲೆ ಕಲ್ಲು ಜೋಡಿಸಿ ಆಮೇಲೆ ಮರಳು ಸುರಿಯಿರಿ ಅಂತಲೂ ಹೇಳಿದರು. ಈ ಮೀನುಗಳು ಮರಳು ಅಗೆದು ಕಲ್ಲು ಉರುಳಿಸುತ್ತವೆ.

ಪ್ಯಾಕಿಂಗ್‌ಗೆ ಪೂರ್ತಿ ಮಾರ್ಕು. ಕವರಿನ ಎರಡೂ ಮೂಲೆಗಳನ್ನು ತಿರುಚಿ ರಬ್ಬರ್ ಬ್ಯಾಂಡ್ ಹಾಕಿದರು, ಮರಿಗಳು ಮೂಲೆಯಲ್ಲಿ ಸಿಕ್ಕಿ ಜಜ್ಜಿಹೋಗದಿರಲಿ ಅಂತ. ಆಕ್ಸಿಜನ್ ತುಂಬಿ, ಥರ್ಮಾಕೋಲ್ ಡಬ್ಬಿಗೆ ಪೇಪರ್ ಹಾಸಿ ಕೊಟ್ಟರು. ಸಂಜೆ ರೈಲಿನ ನೂಕುನುಗ್ಗಲಲ್ಲಿ ತೊಡೆ ಮೇಲಿಟ್ಟುಕೊಂಡು ಬಂದೆ. ಹದಿಮೂರಕ್ಕೆ ಹದಿಮೂರೂ ಬದುಕಿದವು.

ಕೊರತೆ ಇಲ್ಲ ಅಂತಲ್ಲ. ರೇಟ್ ಮೊದಲ ಅಂಗಡಿಗಿಂತ ಜಾಸ್ತಿ, ಒಂದಕ್ಕೆ ನೂರೈವತ್ತು. ಚೌಕಾಸಿಗೆ ಬಗ್ಗಲ್ಲ. ರಸ್ಟಿ ಅನ್ನೋ ಮೂರನೇ ಸಾಧು ಜಾತಿ ಬರುತ್ತೆ ಬರುತ್ತೆ ಅಂತ ನಾಲ್ಕು ತಿಂಗಳಿಂದ ಹೇಳ್ತಿದ್ದಾರೆ. ಇನ್ನೊಂದು, ನನ್ನ ಎಂಟು ಹಳದಿಗಳಲ್ಲಿ ಎರಡಕ್ಕೆ ಬೆನ್ನು ರೆಕ್ಕೆಯ ಕಪ್ಪು ಅಂಚು ಸರಿಯಾಗಿ ಮೂಡಿಲ್ಲ. ಬೆರಕೆ ಇರಬಹುದಾ ಅಂದರೆ, “ಇರಬಹುದು ಸಾರ್, ಅಪ್ಪ ಅಮ್ಮನ್ನ ನಾನು ನೋಡಿಲ್ಲ” ಅಂದರು. ಅದಕ್ಕೊಂದು ಸ್ಟಾರ್ ಕಟ್. ಐದಕ್ಕೆ ನಾಲ್ಕು.

ಹೋದ ವಾರದಿಂದ ಒಂದು ಹಳದಿ ಹೆಣ್ಣು ಊಟ ಬಿಟ್ಟಿದೆ. ಗದ್ದ ದಪ್ಪಗಾಗಿದೆ. “ಅಂಕಲ್, ಆ ಮೀನಿಗೆ ಹಲ್ಲು ನೋವಾ?” ಅಂತ ಬೈಂಡಿಂಗ್‌ಗೆ ಬಂದ ಹುಡುಗಿ ಕೇಳಿದಳು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ, ಸುಮಾರು ಮೂರು ವಾರ ಉಪವಾಸ. ಮಗ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದಿನ ಗೀಚುತ್ತಿದ್ದಾನೆ, ಇವತ್ತಿಗೆ ಒಂಬತ್ತು. ಮರಿಗಳಿಗೆ ಅಂತ ಅಟ್ಟದ ಮೇಲಿದ್ದ ಒಂದಡಿ ಟ್ಯಾಂಕ್ ಇಳಿಸಿ ಸಂಪಿನ ನೀರು ತುಂಬಿ, ದೊಡ್ಡ ಫಿಲ್ಟರಿನ ಹಳೇ ಸ್ಪಂಜಿನ ತುಂಡೊಂದನ್ನು ಅದರ ಫಿಲ್ಟರಿಗೆ ತುರುಕಿ ಓಡಿಸ್ತಿದ್ದೀನಿ.