ಹಳೇ ಹ್ಯಾಟಿನ ರಿಪೇರಿ: ಮೈಸೂರಿನಲ್ಲಿ ಯಾವ ಕೆಲಸ ಯಾರ ಕೈಗೆ?

ಮೈಸೂರಿನಲ್ಲಿ ಪೇಟಕ್ಕೆ ಬರವಿಲ್ಲ. ಮದುವೆಗೊಂದು, ಸನ್ಮಾನಕ್ಕೊಂದು, ತಲೆ ಅಳತೆ ಹೇಳಿದರೆ ಸಾಕು. ಆದರೆ ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಫೆಲ್ಟ್ (ನೇಯದೆ, ತುಪ್ಪಳವನ್ನೋ ಉಣ್ಣೆಯನ್ನೋ ಒತ್ತಿ ಮಾಡಿದ ಬಟ್ಟೆ) ಹ್ಯಾಟನ್ನೋ ಖಾಕಿ ಬೆಂಡಿನ ಟೋಪಿಯನ್ನೋ ಹಿಡಿದು ಸಂತೆಪೇಟೆ, ಅಶೋಕ ರಸ್ತೆ ಸುತ್ತಿದರೆ ‘ಇದು ನಮ್ಮ ಕೆಲಸ ಅಲ್ಲ ಸಾರ್’ ಎನ್ನುವವರೇ ಹೆಚ್ಚು. ಹ್ಯಾಟಿನ ಕಸುಬನ್ನೇ ಬೋರ್ಡಿಗೆ ಹಾಕಿಕೊಂಡ ಅಂಗಡಿಯನ್ನು ಹುಡುಕುತ್ತಾ ಕೂರುವುದು ವ್ಯರ್ಥ. ಕೆಲಸವನ್ನು ಬಿಡಿಬಿಡಿಯಾಗಿ ಹಂಚಿದರೆ ಊರಲ್ಲೇ ಮುಗಿಯುತ್ತದೆ. ಯಾರಿಗೆ ಯಾವುದನ್ನು ಕೊಡಬೇಕು, ಯಾರಿಗೆ ಏನನ್ನೂ ಕೊಡಬಾರದು ಎಂಬುದಷ್ಟೇ ಇಲ್ಲಿನ ವಿಷಯ.

ಕೊಡುವ ಮೊದಲು ಹ್ಯಾಟನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ನುಸಿ ಆರಪಾರ ತಿಂದಿದೆ ಎಂದರ್ಥ. ಆಮೇಲೆ ಅಂಚನ್ನು ಮೆಲ್ಲಗೆ ಬಗ್ಗಿಸಿ ಬಿಡಿ. ಮೊಲದ ಅಥವಾ ಬೀವರ್ ತುಪ್ಪಳದ ಫೆಲ್ಟ್ ತಟ್ಟನೆ ತನ್ನ ಆಕಾರಕ್ಕೆ ಮರಳುತ್ತದೆ, ಕೈಗೆ ನುಣುಪು. ಕುರಿಯುಣ್ಣೆಯದು ಒರಟು, ಮರಳುವುದೂ ನಿಧಾನ. ಮೊದಲನೆಯದಕ್ಕೆ ಎಷ್ಟು ಖರ್ಚು ಮಾಡಿದರೂ ನಡೆಯುತ್ತದೆ. ಎರಡನೆಯದಕ್ಕೆ ಒಳಸುತ್ತಿನ ಚರ್ಮದ ಬೆವರುಪಟ್ಟಿ ಬದಲಿಸುವ ಖರ್ಚೂ ದಂಡವೇ. ಆ ಪಟ್ಟಿಯ ಮೇಲೆ ಸ್ಟೆಟ್ಸನ್, ಬೋರ್ಸಲಿನೊ, ಕ್ರಿಸ್ಟೀಸ್ ಎಂದು ಹೆಸರಾಂತ ಹ್ಯಾಟು ಕಂಪನಿಗಳ ಚಿನ್ನದಕ್ಷರ ಕಂಡ ಕೂಡಲೇ ಹಿಗ್ಗಬೇಡಿ. ಬೋರ್ಸಲಿನೊ 1857ರಿಂದ, ಸ್ಟೆಟ್ಸನ್ 1865ರಿಂದ ಇಂದಿನವರೆಗೆ ನಡೆದುಬಂದ ಹೆಸರುಗಳು. ಹೆಸರೊಂದರಿಂದ ಹ್ಯಾಟಿನ ವಯಸ್ಸು ತಿಳಿಯದು. ಪಟ್ಟಿಯ ಹಿಂದೆ ಸಿಕ್ಕಿಸಿದ ಪುಟ್ಟ ಅಳತೆಚೀಟಿ ಉಳಿದಿದ್ದರೆ ಅದೇ ಹೆಚ್ಚು ನಂಬಿಕಸ್ಥ. ಚೀಟಿಯಲ್ಲಿ ಇಂಗ್ಲಿಷ್ ಅಳತೆ 7 ಎಂದಿದ್ದರೆ ಸುಮಾರು 57 ಸೆಂ.ಮೀ. ಸುತ್ತಳತೆಯ ತಲೆಗೆ ಸರಿ. ಅದೇ ತಲೆಗೆ ಅಮೆರಿಕದ ಚೀಟಿ ಏಳೂ ಎಂಟನೇ ಒಂದು ಎನ್ನುತ್ತದೆ. ಈ ವ್ಯತ್ಯಾಸ ತಿಳಿಯದೆ ಕೊಂಡವರ ಹ್ಯಾಟು ಒಂದೋ ಕಿವಿಗೆ ಇಳಿಯುತ್ತದೆ, ಇಲ್ಲವೇ ನೆತ್ತಿಯಲ್ಲೇ ಕೂರುತ್ತದೆ.

ಡ್ರೈಕ್ಲೀನಿಂಗ್ ಅಂಗಡಿಯ ಬಗ್ಗೆ ಒಂದೇ ಮಾತು: ಬೇಡ. ಸೂಟಿಗೆ ಅವರಷ್ಟು ಒಳ್ಳೆಯವರಿಲ್ಲ, ಹ್ಯಾಟಿಗೆ ಅವರಷ್ಟು ಕೆಟ್ಟವರಿಲ್ಲ. ಯಂತ್ರದ ಡ್ರಮ್ಮಿನಲ್ಲಿ ಉರುಳಿದ ಹ್ಯಾಟಿನ ನೆತ್ತಿ ಕುಸಿಯುತ್ತದೆ, ದ್ರಾವಕಕ್ಕೆ ಒಳಗಿನ ಚರ್ಮದ ಎಣ್ಣೆಯಂಶ ಹೋಗಿ ಪಟ್ಟಿ ಹಪ್ಪಳವಾಗುತ್ತದೆ. ಕೊನೆಗೆ ಇಸ್ತ್ರಿ ಒತ್ತಿದರೆ ಫೆಲ್ಟಿನ ಮೇಲೆ ಹೊಳಪು ಕಲೆ ಬೀಳುತ್ತದೆ. ಹಳೆಯ ಜರಿಪೇಟಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ಅಸಲಿ ಜರಿಯೆಂದರೆ ಚಿನ್ನದ ಮುಲಾಮು ಹಾಕಿದ ಬೆಳ್ಳಿ ಎಳೆ. ಅದು ಕಪ್ಪಾಗುವುದು ಗಾಳಿಯ ಗಂಧಕಾಂಶದಿಂದ, ಕೊಳೆಯಿಂದಲ್ಲ. ತಿಕ್ಕಿ ತೊಳೆದರೆ ಕಪ್ಪಿನ ಜೊತೆ ಮುಲಾಮೂ ಹೋಗುತ್ತದೆ.

ಕೊಳೆ ತೆಗೆಯುವುದು ಮನೆಯಲ್ಲೇ ಆಗುವ ಕೆಲಸ. ಕುದುರೆಕೂದಲಿನ ಮೆತ್ತನೆ ಬ್ರಷ್ಷಿನಿಂದ, ಹ್ಯಾಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ, ಒಂದೇ ದಿಕ್ಕಿಗೆ ಉಜ್ಜಿ. ಫೆಲ್ಟಿನ ನವಿರು ಮಲಗಿರುವುದು ಹಾಗೆ. ಕಪ್ಪು ಹ್ಯಾಟಿಗೂ ಬಿಳಿಚು ಬಣ್ಣದ್ದಕ್ಕೂ ಒಂದೇ ಬ್ರಷ್ ಹಾಕಬೇಡಿ. ತಲೆಯೆಣ್ಣೆಯ ಕಲೆ ನಮ್ಮೂರ ಹಳೇ ಹ್ಯಾಟುಗಳ ಹುಟ್ಟುಗುಣ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯ ಮೇಲೆ ಕೂತದ್ದಲ್ಲವೇ! ಅದರ ಮೇಲೆ ಕಾರ್ನ್‌ಫ್ಲೋರನ್ನು ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿ. ಮೂರು ನಾಲ್ಕು ಸಲ ಬೇಕಾಗುತ್ತದೆ. ಒಂದೇ ಸಲಕ್ಕೆ ಹೋಗಲಿ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆಯ ಸುತ್ತ ಉಂಗುರ ಮೂಡುತ್ತದೆ. ಎಣ್ಣೆಯ ಕಲೆಗಿಂತ ಉಂಗುರ ತೆಗೆಯುವುದೇ ಕಷ್ಟ.

ಬೆಲೆಗೆ ತಕ್ಕ ಕೆಲಸ ಸಿಗುವುದು ಚಪ್ಪಲಿ ಹೊಲಿಯುವವರಲ್ಲಿ. ಆದರೆ ದೊಡ್ಡ ಶೂ ಅಂಗಡಿಯಲ್ಲಲ್ಲ, ರಸ್ತೆ ಬದಿಯಲ್ಲಿ ಕೈಸೂಜಿ ಹಿಡಿದು ಕೂತವರಲ್ಲಿ. ಒಳಗಿನ ಬೆವರುಪಟ್ಟಿ ಬದಲಿಸಲು ಬೇಕಾದದ್ದು ಅವರ ಕೈ, ಯಂತ್ರವಲ್ಲ. ಹೊಲಿಗೆ ಮೆಷಿನ್ನು ಒತ್ತೊತ್ತಾಗಿ ಹೊಸ ತೂತು ಹಾಕುತ್ತದೆ. ಅಂಚೆಚೀಟಿಯ ಸಾಲಿನಂತೆ ಫೆಲ್ಟ್ ಅಲ್ಲೇ ಹರಿದು ನೆತ್ತಿ ಬೇರೆ, ಅಂಚು ಬೇರೆ ಆಗುತ್ತದೆ. ಹಳೇ ಪಟ್ಟಿಯ ನೂಲನ್ನು ಒಂದೊಂದಾಗಿ ಕತ್ತರಿಸಿ ಬಿಡಿಸಿ, ಅದೇ ಹಳೇ ತೂತುಗಳಲ್ಲಿ ಹತ್ತಿ ದಾರದಿಂದ ಕೈಹೊಲಿಗೆ ಹಾಕಿಸಿ. ಬಿಚ್ಚಿದ ಪಟ್ಟಿಯನ್ನು ಎಸೆಯಬೇಡಿ. ಹೊಸದಕ್ಕೆ ಅದೇ ಮಾದರಿ.

ಚರ್ಮ ನೀವೇ ಆರಿಸಿ: ಕುರಿ ಅಥವಾ ಮೇಕೆಯದು, ದಪ್ಪ 1 ಮಿ.ಮೀ. ಮೀರಬಾರದು, ಅಗಲ 4.5ರಿಂದ 5 ಸೆಂ.ಮೀ. ಉದ್ದ ತಲೆಯ ಸುತ್ತಳತೆಗಿಂತ 2 ಸೆಂ.ಮೀ. ಹೆಚ್ಚಿರಲಿ, ಕೂಡಿಕೆ ಹಿಂಬದಿಗೆ ಬರಲಿ. ಬಿಳಿ ಬಟ್ಟೆ ಒದ್ದೆ ಮಾಡಿ ಚರ್ಮದ ಮೇಲೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ನಾಳೆ ಬೆವರಿಗೆ ಹಣೆಯ ಮೇಲೂ ಬಿಡುತ್ತದೆ. ಅಂಟು ಹಾಕಿಕೊಡುತ್ತೇನೆ ಎನ್ನುವವರಿಗೆ ಬೇಡವೆನ್ನಿ. ಶೂ ಸಲ್ಯೂಷನ್ ಫೆಲ್ಟಿನೊಳಗೆ ಇಳಿದು ಹೊರಮೈಯಲ್ಲಿ ಕಂದು ಗೆರೆಯಾಗಿ ಕಾಣುತ್ತದೆ, ಮತ್ತೆ ಹೋಗದು. ಒಂದು ಹ್ಯಾಟಿಗೆ ಎರಡು ಗಂಟೆಯ ಕೈಕೆಲಸ ಹಿಡಿಯುತ್ತದೆ. ಅಷ್ಟಕ್ಕೆ ತಕ್ಕ ಕೂಲಿ ಕೊಡಿ, ಚೌಕಾಸಿ ಬೇಡ.

ರಿಬ್ಬನ್ ವಿಷಯದಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಗಳು ಅರ್ಧಕ್ಕರ್ಧ ನಿರಾಸೆ. ಬಣ್ಣಕ್ಕೆ ಕೊರತೆಯಿಲ್ಲ, ಆದರೆ ಬಹುಪಾಲು ಪಾಲಿಯೆಸ್ಟರ್ ಸ್ಯಾಟಿನ್. ಹ್ಯಾಟಿಗೆ ಬೇಕಾದದ್ದು ಅಡ್ಡಗೆರೆಯ ಹತ್ತಿ ಅಥವಾ ರೇಯಾನ್ ಪಟ್ಟಿ, ಹಬೆ ಹಿಡಿದು ಎಳೆದರೆ ಬಾಗಿ ನೆತ್ತಿಯ ಓರೆಗೆ ಒಗ್ಗಿಕೊಳ್ಳುವಂಥದ್ದು. ಪಾಲಿಯೆಸ್ಟರ್ ಬಾಗುವುದಿಲ್ಲ, ಮೇಲಂಚು ಬಾಯಿ ಬಿಟ್ಟುಕೊಂಡೇ ಇರುತ್ತದೆ. ತುಂಡೊಂದನ್ನು ಸುಟ್ಟು ನೋಡಿ: ಕಾಗದದ ವಾಸನೆ, ಬೂದಿ ಬಂದರೆ ತೆಗೆದುಕೊಳ್ಳಿ, ಕರಗಿ ಮಣಿಗಟ್ಟಿದರೆ ಬಿಡಿ. ಒಂದು ಮೀಟರ್ ಸಾಕು, ಬೋ ಎಡಗಡೆಗೆ.

ಆಕಾರ ಸರಿಪಡಿಸುವುದು ಹಬೆಯ ಕೆಲಸ. ಕೆಟಲಿನ ಮೂತಿಯಿಂದ 15–20 ಸೆಂ.ಮೀ. ದೂರದಲ್ಲಿ ಅರ್ಧ ನಿಮಿಷ ಹಿಡಿದು, ಫೆಲ್ಟ್ ಮೆತ್ತಗಾದಾಗ ಬೆರಳಿನಿಂದ ತಿದ್ದಿ, ತಣ್ಣಗಾಗುವ ತನಕ ಕೈಬಿಡದೆ ಹಿಡಿದಿರಬೇಕು. ಹಬೆ ಚರ್ಮದ ಪಟ್ಟಿಗೆ ತಾಗಿದರೆ ಅದು ಕುಗ್ಗಿ ಹ್ಯಾಟಿನ ಅಳತೆಯೇ ಇಳಿಯುತ್ತದೆ. ಕಿಟಕಿ ತೆರೆದಿರಲಿ. ಹಿಂದೆ ತುಪ್ಪಳವನ್ನು ಫೆಲ್ಟಾಗಿಸಲು ಪಾದರಸದ ಲವಣ ಬಳಸುತ್ತಿದ್ದರು, ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಅದಕ್ಕಿಂತ ಹಳೆಯ ಹ್ಯಾಟನ್ನು ಮುಚ್ಚಿದ ಕೋಣೆಯಲ್ಲಿ ಕಾಯಿಸುವುದೂ, ಮಾಸ್ಕಿಲ್ಲದೆ ಧೂಳು ಝಾಡಿಸುವುದೂ ಒಳ್ಳೆಯದಲ್ಲ.

ನೆತ್ತಿ ಪೂರ್ತಿ ಕುಸಿದಿದ್ದರೆ ಮರದ ಅಚ್ಚು ಬೇಕು. ಇಲ್ಲಿ ಮೈಸೂರಿಗೆ ಅನುಕೂಲವಿದೆ: ಬೀಟೆ ಮರದ ಕುಸುರಿ ಮಾಡುವ ಕೈಗಳು ಇಲ್ಲಿವೆ. ಆದರೆ ಕೇಳುವಾಗ ಸರಿಯಾಗಿ ಕೇಳಿ. ತಲೆ ಗುಂಡಗಿಲ್ಲ, ಉದ್ದ ಅಗಲಕ್ಕಿಂತ ಸುಮಾರು 3 ಸೆಂ.ಮೀ. ಹೆಚ್ಚು. ‘ಟೋಪಿ ಅಚ್ಚು’ ಎಂದಷ್ಟೇ ಹೇಳಿದರೆ ಕಡೆಯುವ ಯಂತ್ರಕ್ಕೆ ಕೊಟ್ಟು ಚೆಂಡಿನಂಥದ್ದನ್ನು ಕೈಗಿಡುತ್ತಾರೆ. ರಟ್ಟಿನಲ್ಲಿ ಮೊಟ್ಟೆಯಾಕಾರ ಕತ್ತರಿಸಿ ಕೊಡಿ, ಉಳಿ ಹಾಗೂ ಅರದಿಂದ ಕೆತ್ತಲು ಹೇಳಿ. ಬೀಟೆಯ ದುಂದು ಬೇಡ, ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರದಂಥ ಮೆದು ಮರವೇ ಒಳ್ಳೆಯದು, ಹ್ಯಾಟನ್ನು ಅಚ್ಚಿಗೆ ಸಿಕ್ಕಿಸುವ ಗುಂಡುಸೂಜಿ ಇಳಿಯುತ್ತದೆ. ಜೋತುಬಿದ್ದ ಅಂಚಿಗೆ ಗಟ್ಟಿತನ ಕೊಡಲು ಪೀಠೋಪಕರಣ ಪಾಲಿಶ್ ಮಾಡುವವರ ಅರಗನ್ನೇ ಸ್ಪಿರಿಟ್ಟಿನಲ್ಲಿ ತೀರಾ ತೆಳ್ಳಗೆ ಕರಗಿಸಿ, ಅಂಚಿನ ಕೆಳಮೈಗೆ ಮಾತ್ರ ಸವರಬೇಕು. ದಪ್ಪವಾದರೆ ಬಿಳಿ ಪೊರೆ ಕಟ್ಟುತ್ತದೆ. (ವೋಟಿನ ಶಾಯಿಗೆ ಹೆಸರಾದ ನಮ್ಮೂರ ಮೈಸೂರು ಪೇಂಟ್ಸ್ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗಿನ (ಲ್ಯಾಕ್) ಹೆಸರಿನಲ್ಲೇ ಅಲ್ಲವೇ!)

ಬೆಂಡಿನ ಟೋಪಿಯ ಲೆಕ್ಕವೇ ಬೇರೆ. ಮದುವೆಯ ಬಾಸಿಂಗಕ್ಕೆ ಬಳಸುವ ಹಗುರ ಬೆಂಡನ್ನೇ ಪದರ ಪದರವಾಗಿ ಅಂಟಿಸಿ, ಮೇಲೆ ಖಾಕಿ ಬಟ್ಟೆ ಹೊದಿಸಿದ ಟೋಪಿ ಇದು. ಬಾಸಿಂಗ ಮಾಡುವವರಿಗೆ ಇದರ ಸ್ವಭಾವ ಗೊತ್ತು, ಒಡೆದ ಜಾಗಕ್ಕೆ ತೇಪೆ ಹಾಕಿಸುವುದಿದ್ದರೆ ಅವರನ್ನೇ ಕೇಳಿ. ತೀರಾ ಹರಿತವಾದ ಬ್ಲೇಡಿಲ್ಲದೆ ಬೆಂಡು ಕುಯ್ದರೆ ಪುಡಿಯಾಗುತ್ತದೆ. ಬಟ್ಟೆ ಬಿಟ್ಟುಕೊಂಡಲ್ಲಿ ಗಟ್ಟಿ ಮೈದಾ ಅಂಟು. ಅದಕ್ಕೆ ಪುಸ್ತಕ ಕಟ್ಟುವವರು ಹಾಕುವಂತೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಹತ್ತದು. ಮೈಲುತುತ್ತ ವಿಷ, ಅಡುಗೆಯ ಪಾತ್ರೆ ಬಳಸಬೇಡಿ. ಅಂಟು ನೀರಾಗಿದ್ದರೆ ಬೆಂಡು ಉಬ್ಬಿ ಬಟ್ಟೆ ಸುಕ್ಕುಗಟ್ಟುತ್ತದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಎತ್ತಿ ನೋಡಿ: ಬೆಂಡಿನದು ಕೈಗೆ ತೂಕವೇ ಹತ್ತದು. ಭಾರವೆನಿಸಿದರೆ ಕಾರ್ಕೋ ಪ್ಲಾಸ್ಟಿಕ್ಕೋ ಇರಬಹುದು.

ಜೂನ್‌ನಿಂದ ದಸರಾವರೆಗೆ ಹ್ಯಾಟಿಗೆ ಕಷ್ಟಕಾಲ. ಕಬ್ಬಿಣದ ಬೀರುವಿನಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟರೆ ಬೂಷ್ಟು ಖಂಡಿತ. ರಟ್ಟಿನ ಡಬ್ಬಿಯಲ್ಲಿ ನೆತ್ತಿ ಕೆಳಗೆ ಮಾಡಿ, ಅಂಚಿನ ಮೇಲೆ ಭಾರ ಬೀಳದಂತೆ ಇಡಿ. ಬೇವಿನ ಸೊಪ್ಪಿಗೆ ನುಸಿಯ ಮೊಟ್ಟೆ ಸಾಯುವುದಿಲ್ಲ. ಹೊಸದಾಗಿ ತಂದ ಹಳೇ ಹ್ಯಾಟನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ. ಇಲ್ಲದಿದ್ದರೆ ಫೆಲ್ಟಿನ ಮೇಲೆ ನೀರು ಕೂರುತ್ತದೆ.

ತೊಡುವಾಗ ನೆತ್ತಿಯ ಮುಂಭಾಗದಲ್ಲಿ ಚಿವುಟಿದಂತಿರುವ ತಗ್ಗನ್ನು ಹಿಡಿದು ಎತ್ತುವ ಚಾಳಿ ಬಿಡಬೇಕು, ಹಳೇ ಫೆಲ್ಟ್ ಸೀಳುವುದು ಅಲ್ಲೇ. ಎರಡೂ ಕೈಯಲ್ಲಿ ಅಂಚು ಹಿಡಿಯಿರಿ. ಕೆಲವು ಹ್ಯಾಟಿನ ರಿಬ್ಬನ್ ಮೇಲೆ ಸಣ್ಣ ದಾರ ಸುತ್ತಿ ಗುಂಡಿಯೊಂದು ಇರುತ್ತದೆ. ಚಾಮುಂಡಿಬೆಟ್ಟದಂಥ ಗಾಳಿಯಲ್ಲಿ ಬಿಚ್ಚಿ ಕೋಟಿನ ಕಾಜಾಕ್ಕೆ ಸಿಕ್ಕಿಸಲು ಅದು ಇರುವುದು. ರಿಬ್ಬನ್ ಬದಲಿಸುವವರು ಬೇಡದ ದಾರವೆಂದು ಕಿತ್ತೆಸೆಯುತ್ತಾರೆ, ಕೊಡುವಾಗಲೇ ಹೇಳಿಬಿಡಿ.