ರೀಫ್ ಟ್ಯಾಂಕಿಗೆ ಮನೆಯ ಆರ್‌ಒ ನೀರು ಹಾಕುವ ಮೊದಲು ಕಾರ್ಟ್ರಿಡ್ಜ್ ನೋಡಿ

ಮೈಸೂರಿನಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟಿರುವವರೆಲ್ಲ ದಯವಿಟ್ಟು ಗಮನಿಸಿ. ನಿಮ್ಮ ಅಡುಗೆಮನೆಯ ವಾಟರ್ ಫಿಲ್ಟರಿನಲ್ಲಿ ಕಾಪರ್ ಕಾರ್ಟ್ರಿಡ್ಜ್ (ನೀರಿಗೆ ತಾಮ್ರ ಸೇರಿಸುವ ಭಾಗ) ಇದ್ದರೆ ಆ ನೀರನ್ನು ಒಂದು ಲೋಟವೂ ಟ್ಯಾಂಕಿಗೆ ಹಾಕಬೇಡಿ.

ನಲ್ಲಿ ನೀರು ಆಗದು ಅಂತ ಎಲ್ಲರಿಗೂ ಗೊತ್ತು. ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಸಿಲಿಕಾ, ಎಷ್ಟೋ ಕಡೆ ನೈಟ್ರೇಟ್ ಕೂಡ. ಆವಿಯಾಗುವುದು ನೀರು ಮಾತ್ರ, ಮಿಕ್ಕಿದ್ದೆಲ್ಲ ಟ್ಯಾಂಕಿನಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಆರ್‌ಒ ನೀರು. ಎಲ್ಲ ಚೆನ್ನಾಗಿಯೇ ಇತ್ತು, ಫಿಲ್ಟರ್ ಸರ್ವಿಸ್ ಆಗುವವರೆಗೆ.

ಆಮೇಲೆ ನೀರು ಬದಲಿಸಿದಾಗ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಸಿಗಡಿಗಳು ಸತ್ತವು. ಜೋವಾಂಥಿಡ್‌ಗಳು (ಹೂವಿನಂತೆ ಅರಳುವ, ಹವಳದ ಜಾತಿಯ ಜೀವಿಗಳು) ಮುಚ್ಚಿಕೊಂಡವು, ಮತ್ತೆ ಅರಳಲೇ ಇಲ್ಲ. ಕ್ಲೌನ್ ಮೀನುಗಳು ಮಾತ್ರ ಏನೂ ಆಗದ ಹಾಗೆ ಊಟಕ್ಕೆ ಓಡಿ ಬರುತ್ತಿದ್ದವು. ಅಮೋನಿಯಾ ಇಲ್ಲ, ಉಪ್ಪಿನಂಶ ಸರಿಯಿದೆ, ಆರ್‌ಒ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಅಂಶ) ಕೂಡ ಕಡಿಮೆ. ಮೀನು ಉಳಿದು ಬೆನ್ನುಮೂಳೆ ಇಲ್ಲದ್ದೆಲ್ಲ ಸಾಯುತ್ತಿದ್ದರೆ ಮೊದಲ ಅನುಮಾನ ತಾಮ್ರದ ಮೇಲೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಬೇರೆ ತೊಟ್ಟಿಯಲ್ಲಿಟ್ಟು ಕೊಡುವ ಔಷಧಿಯೂ ತಾಮ್ರವೇ ಅಲ್ಲವೇ? ಕಾಪರ್ ಟೆಸ್ಟ್ ಕಿಟ್ ತರಿಸಿದೆ. ಬಣ್ಣ ಬಂತು, ಅಂದರೆ ತಾಮ್ರ ಇದೆ.

ನನ್ನ ಹೆಂಡತಿ ಫಿಲ್ಟರಿನ ಮುಚ್ಚಳ ತೆಗೆದು ನೋಡಿದಳು. ಒಳಗೆ ಹೊಸ ಕಾಪರ್ ಕಾರ್ಟ್ರಿಡ್ಜ್. ಸರ್ವಿಸ್‌ಗೆ ಬಂದವರು ನಮಗೆ ಒಂದು ಮಾತೂ ಹೇಳದೆ ಹಾಕಿ ಹೋಗಿದ್ದರು. ಫೋನ್ ಮಾಡಿದರೆ, "ಆರೋಗ್ಯಕ್ಕೆ ಒಳ್ಳೇದು ಸಾರ್, ಈಗೆಲ್ಲ ಇದನ್ನೇ ಹಾಕಿಸ್ಕೊಳ್ತಾರೆ" ಅಂದರು. ಮನುಷ್ಯರಿಗೆ ಸರಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಇರಬಹುದು, ಬೇರೆ ನೀರಿಲ್ಲದ ಕಡೆ 1.5ರವರೆಗೂ ಒಪ್ಪಿಗೆ. ಸಿಗಡಿ, ಹವಳಗಳ ಪಾಲಿಗೆ ಅದು ವಿಷ. ಟಿಡಿಎಸ್ ಮೀಟರನ್ನು ನಂಬಬೇಡಿ, ಕರಗಿರುವುದು ಒಟ್ಟು ಎಷ್ಟು ಅಂತ ಹೇಳುತ್ತದೆಯೇ ಹೊರತು ಏನು ಅಂತ ಹೇಳುವುದಿಲ್ಲ.

20 ಲೀಟರ್ ಕ್ಯಾನ್ ನೀರೂ ಪರಿಹಾರವಲ್ಲ, ರುಚಿಗೆಂದು ಅದಕ್ಕೆ ಖನಿಜ ಸೇರಿಸಿರುತ್ತಾರೆ. ಆರ್‌ಒ ಮೆಂಬ್ರೇನಿನಿಂದ (ನೀರು ಶೋಧಿಸುವ ಪೊರೆ) ಹೊರಬರುವ ಪೈಪಿಗೇ, ಅಂದರೆ ಟಿಡಿಎಸ್ ಕಂಟ್ರೋಲರ್ ಮತ್ತು ಮಿನರಲ್ ಕಾರ್ಟ್ರಿಡ್ಜ್‌ಗಿಂತ ಮೊದಲೇ, ಟ್ಯಾಂಕಿಗೆ ಬೇರೆ ಲೈನ್ ತೆಗೆಸಿ. ಅದರ ಮುಂದೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹೀರುವ ಸಣ್ಣ ಮಣಿಗಳು) ಕೂರಿಸಿ, ಮೀಟರ್ 0 ತೋರಿಸಬೇಕು. ಈಗಾಗಲೇ ತಾಮ್ರ ಸೇರಿದ್ದರೆ ಒಂದು ಸಲ ನೀರು ಬದಲಿಸಿದರೆ ಸಾಲದು. ಕಲ್ಲು, ಮರಳು ಹೀರಿಕೊಂಡ ತಾಮ್ರ ನಿಧಾನಕ್ಕೆ ಹೊರಬರುತ್ತಿರುತ್ತದೆ. ಆಕ್ಟಿವೇಟೆಡ್ ಕಾರ್ಬನ್, ತಾಮ್ರ ಹೀರುವ ರೆಸಿನ್ ಎರಡನ್ನೂ ಹಾಕಿ, ಮತ್ತೆ ಮತ್ತೆ ಟೆಸ್ಟ್ ಮಾಡಿ. ಅಲ್ಲಿಯವರೆಗೆ ಅಂಗಡಿಯವರು ಎಷ್ಟೇ ಹೇಳಲಿ, ಹೊಸ ಸಿಗಡಿ ತರಬೇಡಿ.